ಹಾಜಿರಾಬಿ ತಿದ್ದಿದ ಕಿವಿಗಳು

ಹಳಿಯಾಳದ ಪೇಟೆಯಲ್ಲಿ ಗನಿಸಾಬರ ಫೋಟೋ ಅಂಗಡಿ ಇದ್ದ ಕಾಲಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಒಂದು ನಂಬಿಕೆ ಹಬ್ಬಿತ್ತು. ಅವರ ಕ್ಯಾಮೆರಾದ ಮುಂದೆ ಕೂತವರ ಮುಖದಲ್ಲಿ ಸಿಡುಬಿನ ಕಲೆ ಉಳಿಯುವುದಿಲ್ಲ ಎಂದು. ಆಗ ಸಿಡುಬು ಬಾರದ ಮನೆಯೇ ಅಪರೂಪ. ಮುಂಡಗೋಡದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು, ಸೂಪಾ ಜೋಯಿಡಾದ ಕಾಡಿನಿಂದ ನಡೆದುಕೊಂಡು ಜನ ಬರುತ್ತಿದ್ದರು. ಪರದೆಯ ಮೇಲೆ ಬರೆದ ಅರಮನೆಯ ಮುಂದೆ ಉಸಿರು ಹಿಡಿದು ಕೂತು, ಕೆಲವು ದಿನ ಬಿಟ್ಟು ಬಂದು ನುಣುಪು ಮುಖದ ಪ್ರಿಂಟು ಒಯ್ಯುತ್ತಿದ್ದರು. “ಗನಿಸಾಬ್ರ ಕೈಗುಣ” ಎನ್ನುತ್ತಿದ್ದರು.

ಕೈ ಗನಿಸಾಬರದಾಗಿರಲಿಲ್ಲ. ಅದು ಅವರ ಹೆಂಡತಿ ಹಾಜಿರಾಬಿಯ ಕೈ.

ಹಾಜಿರಾಬಿ ಮುಂಡಗೋಡದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವರ ಮಗಳು. ಅವಳಿಗೂ ಚಿಕ್ಕಂದಿನಲ್ಲಿ ಸಿಡುಬು ಬಂದು ಹೋಗಿತ್ತು. ಕೆನ್ನೆ, ಹಣೆ, ಮೂಗಿನ ತುದಿ, ಎಲ್ಲ ಕಡೆ ಕುಳಿ. ಮದುವೆಯಾದ ವರ್ಷವೇ, ಧಾರವಾಡದಲ್ಲಿ ಕೆಲಸ ಕಲಿತು ಬಂದಿದ್ದ ಗನಿಸಾಬರು ಅವಳದೊಂದು ಫೋಟೋ ತೆಗೆದರು. ಪ್ರಿಂಟು ಕೈಗೆ ಕೊಟ್ಟಾಗ ಅವಳು ಬಹಳ ಹೊತ್ತು ನೋಡಿದಳು.

“ಇದು ಯಾರ್ರೀ?”

“ಯಾರಂದ್ರ? ನೀನ.”

“ನನ್ನ ಕಲಿ ಎಲ್ಲಿ ಹೋದುವು?”

ಗನಿಸಾಬರು ನಗುತ್ತ, ಫೋಟೋ ಮೂಡಿದ ಗಾಜಿನ ಪ್ಲೇಟನ್ನೂ ಅದನ್ನು ತಿದ್ದಿದ ಪೆನ್ಸಿಲನ್ನೂ ತೋರಿಸಿದರು. ಹಾಜಿರಾಬಿ ಆ ಫೋಟೋವನ್ನು ಒಳಕೋಣೆಯ ಗೋಡೆಗೆ ಹಾಕಿಸಿಕೊಂಡಳು. ಬೆಳಗಾದರೆ ಒಮ್ಮೆ ಅದನ್ನು ನೋಡಿಯೇ ಒಲೆಯ ಕಡೆಗೆ ಹೋಗುವುದು ರೂಢಿಯಾಯಿತು. ಆಮೇಲೆ ಒಂದು ದಿನ, “ಆ ಪೆನ್ಸಿಲ್ ಕೆಲಸ ನನಗೂ ಕಲಸ್ರಿ” ಎಂದಳು. ಗನಿಸಾಬರು ಬೇಸರ ಕಳೆಯಲಿ ಎಂದು ಕಲಿಸಿದರು. ಮುಂದೆ ಅವರಿಗೆ ಹತ್ತಿರದ ದೃಷ್ಟಿ ಮಂದವಾಗುತ್ತ ಬಂತು. ಚಾಳೀಸು ಕನ್ನಡಕ ಹಾಕಿದರೂ ಪೆನ್ಸಿಲಿನ ತುದಿ ಕಾಣದಂತಾಯಿತು. ಆಗ ಅಂಗಡಿಯ ಎಲ್ಲ ಪ್ಲೇಟುಗಳೂ ಒಂದೊಂದಾಗಿ ಒಳಗೆ, ಹಾಜಿರಾಬಿಯ ಕಿಟಕಿಯ ಹತ್ತಿರ ಬಂದವು.

ಆ ಕೆಲಸಕ್ಕೆ ‘ಟಚಿಂಗ್’ ಎಂದು ಹೆಸರು. ಕಿಟಕಿಯ ಬಳಿ ಓರೆಯಾದ ಮರದ ಮೇಜು. ಅದರ ನಡುವೆ ಒಂದು ಕಂಡಿ, ಕಂಡಿಯ ಕೆಳಗೆ ಕನ್ನಡಿ. ಆಕಾಶದ ಬೆಳಕು ಕನ್ನಡಿಗೆ ಬಿದ್ದು ಮೇಲಕ್ಕೆ ಏಳುತ್ತಿತ್ತು. ಕಂಡಿಯ ಮೇಲೆ ಪ್ಲೇಟನ್ನು ಇಟ್ಟು, ರಾಳ ಕರಗಿಸಿದ ಟರ್ಪಂಟೈನ್ ಎಣ್ಣೆಯನ್ನು ತೆಳುವಾಗಿ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಕಲೆ ಇದ್ದಲ್ಲಿ ಮೆಲ್ಲಗೆ ಮುಟ್ಟಬೇಕು. ಪ್ಲೇಟಿನ ಮೇಲೆ ಎಲ್ಲ ಉಲ್ಟಾ. ಕಪ್ಪಿದ್ದದ್ದು ಬಿಳಿ, ಬಿಳಿಯದ್ದು ಕಪ್ಪು. ಪೆನ್ಸಿಲಿನ ಕಪ್ಪು ಬಿದ್ದಲ್ಲಿ ಪ್ರಿಂಟಿನಲ್ಲಿ ಬೆಳಕಾಗಿ ಕುಳಿ ತುಂಬಿಕೊಳ್ಳುತ್ತಿತ್ತು. ಇದಲ್ಲದೆ ಒಂದು ಸಣ್ಣ ಚಾಕು ಇತ್ತು. ಪ್ರಿಂಟಿನಲ್ಲಿ ಬೆಳ್ಳಗೆ ಬರುವುದನ್ನು ಕಪ್ಪು ಮಾಡಬೇಕಾದರೆ ಪ್ಲೇಟಿನ ಮೇಲಿನ ಪೊರೆಯನ್ನು ಅದರಿಂದ ಕೆರೆಯುವುದು. ಪೆನ್ಸಿಲಿನ ಗುರುತನ್ನು ಎಣ್ಣೆ ಹಚ್ಚಿ ಒರಸಬಹುದು. ಚಾಕು ಕೆರೆದದ್ದು ಮಾತ್ರ ಹೋದದ್ದೇ.

ಹಾಜಿರಾಬಿ ಅಂಗಡಿಯ ಕಡೆಗೆ ಬರುತ್ತಿರಲಿಲ್ಲ. ಊರಿನ ಜನರನ್ನು ಅವಳು ಕಂಡದ್ದು ಪ್ಲೇಟಿನ ಮೇಲೆಯೇ, ಕೂದಲು ಬೆಳ್ಳಗೆ, ಹಲ್ಲು ಕರ್ರಗೆ. ಯಾರಾದರೂ ಹೆಣ್ಣುಮಕ್ಕಳು ನೀರು ಕುಡಿಯಲು ಒಳಗೆ ಬಂದರೆ ಗುರುತು ಹತ್ತಲು ಅವಳಿಗೆ ತುಸು ಹೊತ್ತು ಹಿಡಿಯುತ್ತಿತ್ತು. ಊರಿಗೆ ಅವಳ ಕೆಲಸ ಗೊತ್ತಿರಲಿಲ್ಲ. ಗನಿಸಾಬರು ಮುಚ್ಚಿಟ್ಟರು ಎಂದಲ್ಲ, ಯಾರೂ ಕೇಳಲಿಲ್ಲ. ಅವಳಿಗೆ ಅದರ ಚಿಂತೆಯೂ ಇರಲಿಲ್ಲ. ರೊಟ್ಟಿ ಬಡಿದು, ಮಗಳು ದಿಲಶಾದಳ ತಲೆ ಬಾಚಿ, ಆ ಮೇಜಿನ ಮುಂದೆ ಕೂತಳೆಂದರೆ ಲೋಕದಲ್ಲಿ ಮತ್ತೇನೂ ಬೇಕಿರಲಿಲ್ಲ.

ಯುದ್ಧದ ವರ್ಷಗಳು ಬಂದವು. ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿಯ ಹೊತ್ತಿಗೆ ವಿಲಾಯತಿಯಿಂದ ಬರುವ ಗಾಜಿನ ಪ್ಲೇಟು ಸಿಗುವುದೇ ಕಷ್ಟವಾಯಿತು. ಹುಬ್ಬಳ್ಳಿಯ ವ್ಯಾಪಾರಿ ಸಣ್ಣ ಪ್ಲೇಟುಗಳನ್ನು ಅಷ್ಟಿಷ್ಟು ಕೊಡುತ್ತಿದ್ದ. ದೊಡ್ಡ ಅಳತೆಯದು ಅಂಗಡಿಯಲ್ಲಿ ಒಂದೇ ಒಂದು ಉಳಿದಿತ್ತು. ಅದೇ ವರ್ಷ ಊರಿಗೆ ತುಳಜಪ್ಪ ಪೈಲ್ವಾನ ಬಂದ.

ತುಳಜಪ್ಪ ಹಳಿಯಾಳದ ಮಗ್ಗುಲಿನ ಒಂದು ಸಣ್ಣ ಕೇರಿಯ ಹುಡುಗ. ತಾಯಿ ಸೋಮಿಬಾಯಿ ಕೂಲಿ ಮಾಡಿ ಬೆಳೆಸಿದ್ದಳು. ಊರಿನ ಗರಡಿ ಮನೆಯಲ್ಲಿ ಉಸ್ತಾದ ನಾಗಲಿಂಗಪ್ಪನ ಕೈಯಲ್ಲಿ ಪಳಗಿ, ಕೊಲ್ಲಾಪುರದ ತಾಲೀಮು ಸೇರಿ, ಅಲ್ಲಿಯ ದೊಡ್ಡ ಕಣದಲ್ಲಿ ಪಂಜಾಬದ ಪೈಲ್ವಾನನೊಬ್ಬನನ್ನು ಚಿತ್ತು ಮಾಡಿ ಬೆಳ್ಳಿಯ ಗದೆ ಗೆದ್ದಿದ್ದ. ಸುದ್ದಿ ತಿಳಿದಾಗಿನಿಂದ ಊರಿಗೆ ಊರೇ ಹುಚ್ಚೆದ್ದಿತ್ತು. ಚಹದ ಅಂಗಡಿಯವನು ಅವನು ಕುಡಿದ ಕಪ್ಪನ್ನು ತೊಳೆಯದೆ ಗೋಡೆಯ ಗೂಡಿನಲ್ಲಿ ಇಟ್ಟಿದ್ದ. ಕ್ಷೌರಿಕ ಕರಿಬಸಪ್ಪ “ಪೈಲ್ವಾನ ಕಟ್ಟು” ಎಂದು ಹೊಸ ಬಗೆಯ ಮೀಸೆ ಕತ್ತರಿಸತೊಡಗಿದ್ದ. ನಾಗರಪಂಚಮಿಗೆ ಗರಡಿಯ ಕೆಮ್ಮಣ್ಣು ಹೊಸದಾಗಿ ಹದಮಾಡಿ ಪೂಜಿಸುವ ದಿನ ತುಳಜಪ್ಪನ ದೊಡ್ಡ ಫೋಟೋ ಗೋಡೆಗೆ ಏರಬೇಕು ಎಂದು ಉಸ್ತಾದ ತೀರ್ಮಾನಿಸಿದ. ಗೆದ್ದು ಬಂದವನ ಫೋಟೋ ಮಣ್ಣಿನ ಪೂಜೆಯ ದಿನವೇ ಏರಬೇಕೆಂಬುದು ಗರಡಿಯ ಸಂಪ್ರದಾಯ.

ಫೋಟೋ ತೆಗೆದ ದಿನ ಅಂಗಡಿಯ ಮುಂದೆ ಗದ್ದಲವೋ ಗದ್ದಲ. ತುಳಜಪ್ಪ ತಲೆಗೆ ಕೊಲ್ಲಾಪುರದ ಪಟಕ ಸುತ್ತಿ, ಲಂಗೋಟಿ ಬಿಗಿದು, ಗದೆಯನ್ನು ಹೆಗಲಿಗೇರಿಸಿ, ಅರಮನೆಯ ಬದಲು ಹಾಕಿದ್ದ ಕಪ್ಪು ಪರದೆಯ ಮುಂದೆ ನಿಂತಿದ್ದ. ಕಣದಲ್ಲಿ ಹುಲಿಯಾದವನು ಕ್ಯಾಮೆರಾದ ಮುಂದೆ ಬೆವರುತ್ತಿದ್ದ.

“ಕಣ್ಣ ಮುಚ್ಚಬ್ಯಾಡಪಾ” ಎಂದು ಗನಿಸಾಬರು ಕರಿ ಬಟ್ಟೆಯೊಳಗಿಂದ ಕೂಗಿದರು. “ಒಂದ ಪ್ಲೇಟ ಐತಿ. ಕೆಟ್ಟರ ಮತ್ತೊಂದು ಸಿಗಬೇಕಂದ್ರ ಲಡಾಯಿ ಮುಗೀಬೇಕು.”

“ಹಂಗ ಅನಬ್ಯಾಡ್ರಿ ಚಾಚಾ, ಮತ್ತಿಷ್ಟು ಅಂಜಿಕಿ ಬರ್ತೈತಿ” ಎಂದ ತುಳಜಪ್ಪ.

“ಪಂಜಾಬದಾಂವಗ ಅಂಜಲಿಲ್ಲ, ಗನಿಸಾಬ್ರ ಪೆಟಗಿಗೆ ಅಂಜತಾನ ನೋಡ್ರಿ!” ಎಂದು ಕರಿಬಸಪ್ಪ ಬಾಗಿಲಲ್ಲಿ ನಕ್ಕ. ಆ ನಗೆಗೆ ತುಳಜಪ್ಪನ ಮುಖ ಸಡಿಲವಾಯಿತು. ಗನಿಸಾಬರು ಅದೇ ಗಳಿಗೆ ಹಿಡಿದರು. ಮರುದಿನವೇ ಪೈಲ್ವಾನ ಕೊಲ್ಲಾಪುರಕ್ಕೆ ಹೊರಟುಹೋದ.

ಪ್ಲೇಟು ತೊಳೆದು ಒಣಗಿ ಹಾಜಿರಾಬಿಯ ಮೇಜಿಗೆ ಬಂತು. ಅಷ್ಟು ದೊಡ್ಡ ಪ್ಲೇಟನ್ನು ಅವಳು ಮುಟ್ಟಿ ಬಹಳ ದಿನವಾಗಿತ್ತು. ಎದೆ, ತೋಳು, ಮೀಸೆ ಎಲ್ಲ ಚೆನ್ನಾಗಿ ಬಂದಿದ್ದವು. ಆದರೆ ಕಿವಿ ನೋಡಿ ಅವಳ ಜೀವ ಚುರ್ ಎಂದಿತು. ಎರಡೂ ಕಿವಿ ಬಾತು, ಮಡಿಕೆಗಳು ಮುದುಡಿ, ಹಿಸುಕಿದ ಹಿಟ್ಟಿನ ಉಂಡೆಯಂತಿದ್ದವು. ಹಾಜಿರಾಬಿ ಕುಸ್ತಿಯ ಕಣ ನೋಡಿದವಳಲ್ಲ. ಹೆಂಗಸರು ಅಲ್ಲಿಗೆ ಹೋಗುತ್ತಿರಲಿಲ್ಲ. ಪೈಲ್ವಾನನನ್ನು ಹತ್ತಿರದಿಂದ ಕಂಡದ್ದೂ ಇಲ್ಲ. ಪಾಪ, ಇಷ್ಟು ದೊಡ್ಡ ಮನುಷ್ಯನಿಗೆ ಎಂಥ ರೋಗ ಬಂದು ಹೋಗಿದೆಯೋ, ಊರ ಮಂದಿಯೆಲ್ಲ ನೋಡುವ ಫೋಟೋದಲ್ಲಿ ಇದು ಯಾಕೆ ಎಂದುಕೊಂಡಳು. ತನ್ನ ಕೆನ್ನೆಯ ಮೇಲೆ ಗಂಡ ಮಾಡಿದ ಉಪಕಾರವನ್ನು ಅವಳು ಮರೆತವಳಲ್ಲ.

ಅವಳು ಮನಸ್ಸಿಟ್ಟು ಕೆಲಸ ಮಾಡಿದಳು. ಪೆನ್ಸಿಲಿನಿಂದ ಮಡಿಕೆಗಳ ನೆರಳು ತುಂಬಿ, ಒಳಗಿನ ಸುರುಳಿಯನ್ನು ಹೊಸದಾಗಿ ಮೂಡಿಸಿದಳು. ಎಡಗಿವಿಯ ಕೆಳತುದಿ ಹೊರಗೆ ಉಬ್ಬಿತ್ತು. ಅದನ್ನು ಹಿಂದಿನ ಕಪ್ಪು ಪರದೆಯೊಳಗೆ ಅಡಗಿಸಲು ಚಾಕು ತೆಗೆದುಕೊಂಡಳು. ಒಂದಿಷ್ಟು ಕೆರೆಯುವಷ್ಟರಲ್ಲಿ ಮೋಡ ಕವಿದು ಕನ್ನಡಿ ಮಂಕಾಯಿತು. ಹೊರಗೆ ಒಣಹಾಕಿದ ಮೆಣಸಿನಕಾಯಿ ತರಲು ಎದ್ದು ಹೋದಳು. ಮರಳಿ ಬಂದಾಗ ಕಿವಿ ಸಾಕಷ್ಟು ಚೆಂದ ಕಂಡಿತು. ಚಾಕು ಒರಸಿ ಇಟ್ಟಳು.

ಗನಿಸಾಬರು ಬಿಸಿಲು ಬಿದ್ದ ಹೊತ್ತಿನಲ್ಲಿ ಒಂದು ಪ್ರಿಂಟು ತೆಗೆದರು. ಆಗಿನ ಕಾಗದಕ್ಕೆ ಬಿಸಿಲೇ ಬೇಕಿತ್ತು. ಪ್ಲೇಟಿನ ಕೆಳಗೆ ಕಾಗದ ಇಟ್ಟು, ಚೌಕಟ್ಟಿನಲ್ಲಿ ಬಿಗಿದು, ಅಂಗಳದಲ್ಲಿ ಬಿಸಿಲಿಗೆ ಒಡ್ಡಬೇಕಾಗಿತ್ತು. ಪ್ರಿಂಟನ್ನು ತೋಳಿನಷ್ಟು ದೂರ ಹಿಡಿದು ನೋಡಿದರು. ಗದೆ ಕಂಡಿತು, ಎದೆ ಕಂಡಿತು, ಮೀಸೆ ಕಂಡಿತು. “ವಾಹ್” ಎಂದು ಕಾಗದದಲ್ಲಿ ಸುತ್ತಿ ಗರಡಿ ಮನೆಗೆ ಕಳಿಸಿಬಿಟ್ಟರು.

ಸ್ವಲ್ಪ ಹೊತ್ತಿಗೆ ಉಸ್ತಾದ ನಾಗಲಿಂಗಪ್ಪ ಮೈಗೆ ಹತ್ತಿದ ಕೆಮ್ಮಣ್ಣನ್ನೂ ಒರಸಿಕೊಳ್ಳದೆ ಅಂಗಡಿಗೆ ನುಗ್ಗಿದ. ಒಳಗೆ ಹಾಜಿರಾಬಿಗೆ ಪ್ರತಿ ಮಾತೂ ಕೇಳುತ್ತಿತ್ತು.

“ಗನಿಸಾಬ್ರ, ಇಂವ ಯಾರು?”

“ಯಾರಂದ್ರ? ತುಳಜಪ್ಪ.”

“ತುಳಜಪ್ಪನ ಕಿವಿ ಎಲ್ಲಿ ಹೋದುವು? ಇವು ಮಾಮಲೇದಾರ ಕಚೇರಿ ಕಾರಕೂನನ ಕಿವಿ! ಲೇಖಣಿ ಸಿಗಿಸಿಕೊಳ್ಳಾಕ ಮಾಡಿದ ಕಿವಿ!”

“ಉಸ್ತಾದ್ರ, ಕೂಡ್ರಿ…”

“ಏನ್ ಕೂಡೂದು? ಮಣ್ಣಾಗ ತಲಿ ತಿಕ್ಕಿ ತಿಕ್ಕಿ, ಎದುರಾಳಿ ಕೈಯಾಗ ಹಿಂಡಿಸಿಕೊಂಡು, ರಕ್ತ ಹೆಪ್ಪುಗಟ್ಟಿ ಮುರದ ಕಿವಿರೀ ಅವು. ಕಿವಿ ಮುರಿಯದಾಂವಗ ನಾವು ಪೈಲ್ವಾನ ಅನ್ನೂದಿಲ್ಲ. ಇದನ್ನ ಗ್ವಾಡಿಗೆ ಹಾಕಿದರ ಬೆಳಗಾಂವಿ ಮಂದಿ ಬಂದು ಏನ್ ಅಂದಾರು? ಕುಸ್ತಿ ಆಡಲಾರದ ಗದಿ ಗೆದ್ದಾನ ಅಂದಾರು! ಪಂಚಮಿಗೆ ಖರೇ ಕಿವಿ ಬರಬೇಕು. ಇಲ್ಲಂದ್ರ ಈ ಊರಾಗ ಒಬ್ಬ ಗರಡಿ ಹುಡುಗನೂ ನಿಮ್ಮ ಅಂಗಡಿ ಮೆಟ್ಟಲಾ ಏರೂದಿಲ್ಲ.”

ಪ್ರಿಂಟನ್ನು ಮೇಜಿನ ಮೇಲೆ ಒಗೆದು ಅವನು ಹೊರಟುಹೋದ.

ಗನಿಸಾಬರು ಒಳಗೆ ಬಂದರು. ಅವರು ಎಂದೂ ಹೆಂಡತಿಗೆ ಗದರಿಸಿದವರಲ್ಲ. ಅಂದೂ ಗದರಿಸಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

“ಪೆನ್ಸಿಲ್ಲೋ ಚಾಕುವೋ, ಹಾಜಿರಾ?”

“ಪೆನ್ಸಿಲ್.” ಚಾಕುವಿನ ಕಡೆಗೆ ನೋಡಿ ಹೇಳಿದಳು, “ಎಡಗಿವಿಗೆ ಚಾಕೂನೂ ಹಚ್ಚೇನಿ. ಅಷ್ಟರಾಗ ಮೋಡ ಬಂತು, ಮೆಣಸಿನಕಾಯಿ ತರಾಕ ಎದ್ದೆ. ಎಷ್ಟು ಕೆರದೆ ಅನ್ನೂದು ನೆನಪಿಲ್ಲ.”

ಅವರು ಕಟ್ಟೆಯ ಮೇಲೆ ಕುಸಿದರು. “ಇನ್ನ ಮ್ಯಾಲ ಪ್ಲೇಟ ಬೆಳಗಾಂವಿಗೆ ಕಳಸ್ತೇನಿ. ಅಲ್ಲಿ ಒಬ್ಬ ಟಚಿಂಗ್ ಮಾಡಾಂವ ಅದಾನ. ನಿನಗೂ ಈ ಜಂಜಾಟ ಬ್ಯಾಡ.”

ಜಂಜಾಟ ಎಂದರು. ಹಾಜಿರಾಬಿ ಮೇಜನ್ನು ನೋಡಿದಳು. ಅದರ ಮೇಲೆ ಬಿದ್ದ ಬೆಳಕನ್ನು ನೋಡಿದಳು. ಈ ಪೆನ್ಸಿಲು ಹೋದರೆ ತನ್ನ ದಿನದಲ್ಲಿ ಏನು ಉಳಿಯುತ್ತದೆ ಎಂಬುದು ಅವಳಿಗೆ ಆಗ ಮೊದಲ ಬಾರಿಗೆ ತಿಳಿಯಿತು.

“ದಿಲಶಾದಳ ಅಬ್ಬಾ, ಮೊದಲ ನಾ ಒರಸಿ ನೋಡ್ತೇನಿ. ಕಿವಿ ಬರ್ಲಿಲ್ಲ ಅಂದ್ರ ನೀವು ಹೇಳಿದಂಗ ಆಗ್ಲಿ. ಬಂತಂದ್ರ ಬೆಳಗಾಂವಿ ಮಾತು ತಗೀಬ್ಯಾಡ್ರಿ.”

ಗನಿಸಾಬರು ತಲೆಯಾಡಿಸಿದರು.

ಅವಳು ಎಣ್ಣೆಯ ಬಾಟಲಿ ತೆಗೆಯುತ್ತಿರುವಾಗಲೇ ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ತುಳಜಪ್ಪನ ತಾಯಿ ಸೋಮಿಬಾಯಿ. ಸಂತೆಗೆ ಸೌದೆ ಮಾರಲು ಬಂದವಳು.

“ಬೀಬಿ, ನನ್ನ ಮಗನ ಫೋಟೋ ಆಗೇತಂತ. ದೂರಿಂದ ಒಂದ್ಸಲ ನೋಡಿ ಹೋಗ್ತೇನಿ. ಕೈ ಹಚ್ಚೂದಿಲ್ಲ.”

ಬೇರೆ ದಾರಿ ಕಾಣದೆ ಹಾಜಿರಾಬಿ ಉಸ್ತಾದ ಒಗೆದುಹೋದ ಪ್ರಿಂಟನ್ನೇ ತಂದು ತೋರಿಸಿದಳು. “ಅಕ್ಕಾ, ಇದರಾಗ ನನ್ನ ಕೈಯಿಂದ ತಪ್ಪಾಗೇತಿ. ಕಿವಿ…” ಎಂದು ಹೇಳಲು ಹೊರಟಳು.

ಸೋಮಿಬಾಯಿ ಪ್ರಿಂಟನ್ನು ನೋಡಿದಳು. ಕೈ ಹಚ್ಚುವುದಿಲ್ಲ ಎಂದವಳು ಬೆರಳನ್ನು ಸೆರಗಿಗೆ ಒರಸಿ ಆ ಕಿವಿಯನ್ನು ಮುಟ್ಟಿದಳು.

“ಇವು ನಾ ಹಡದ ಕಿವಿ” ಎಂದಳು. “ಗರಡಿಗೆ ಹೋಗೂಕಿಂತ ಮೊದಲ ಹಿಂಗ ಇದ್ದುವು. ಮೊದಲ್ನೇ ಸಲ ಕಿವಿ ಬಾತು ಬಂದಾಗ ನಾ ಅಳ್ಳಾಕ ಹತ್ತಿದೆ. ಆ ಉಸ್ತಾದ ಪೇಢೆ ಹಂಚಿದ! ಮಂದಿಗೆ ಅಂವ ಪೈಲ್ವಾನ. ಮಂದಿ ಹೊಗಳ್ತಾರ, ಹೊಗಳ್ಲಿ. ನಾ ಎಣ್ಣಿ ಹಚ್ಚಿ ತಿಕ್ಕಿದ ಕಿವಿ ಇವು. ಇದನ್ನ ನನಗ ಕೊಡ್ತಿ ಏನ, ಬೀಬಿ?”

ಬಾಗಿಲ ಬಳಿ ನಿಂತಿದ್ದ ಗನಿಸಾಬರು, “ಒಯ್ಯವಾ, ಒಯ್ಯಿ. ಉಸ್ತಾದಗ ಮಾತ್ರ ತೋರಸಬ್ಯಾಡ” ಎಂದರು. ಮುದುಕಿ ಫೋಟೋವನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡು, ಖಾಲಿ ಸಿಂಬೆಯನ್ನು ತಲೆಯ ಮೇಲೇ ಮರೆತು ಹೊರಟಳು. ಹಾಜಿರಾಬಿಗೆ ಎದೆಯ ಮೇಲಿನ ಭಾರ ಅರ್ಧ ಇಳಿದಂತಾಯಿತು. ಉಳಿದರ್ಧ ಮೇಜಿನ ಮೇಲಿತ್ತು.

ಹತ್ತಿಗೆ ಎಣ್ಣೆ ಮುಟ್ಟಿಸಿ ಬಲಗಿವಿಯಿಂದ ಶುರು ಮಾಡಿದಳು. ತಾನೇ ಬರೆದ ಸುರುಳಿ ಮಸುಕಾಗಿ, ಕರಗಿ, ಹತ್ತಿಗೆ ಹತ್ತಿತು. ಕೆಳಗಿನಿಂದ ಪೈಲ್ವಾನನ ಮುದುಡಿದ ಕಿವಿ ಹಾಗೇ ಎದ್ದು ಬಂತು. ಅವಳಿಗೆ ಅಷ್ಟು ಕುರೂಪದ ವಸ್ತು ಅಷ್ಟು ಚೆಂದ ಕಂಡದ್ದು ಅದೇ ಮೊದಲು. ಆಮೇಲೆ ಎಡಗಿವಿ. ಉಸಿರು ಹಿಡಿದು ಒರಸಿದಳು. ಮಡಿಕೆ ಬಂತು, ಬಾವು ಬಂತು. ಕೆಳತುದಿಗೆ ಬಂದಾಗ ಕೈ ನಿಂತಿತು.

“ಏನಾತು?” ಎಂದರು ಗನಿಸಾಬರು.

“ಕಿವಿ ಬಂತ್ರೀ. ಕೆಳಗ ಸಣ್ಣ ಚೂರು ಹೋಗೇತಿ. ಅಕ್ಕಿಕಾಳಿನಷ್ಟು.”

ಗನಿಸಾಬರು ಭೂತಗನ್ನಡಿ ಹಿಡಿದು ನೋಡಿದರು. “ಮೋಡ ಬಂದಿದ್ದು ಛಲೋ ಆತು” ಎಂದರು. “ನಿನ್ನ ಮೆಣಸಿನಕಾಯಿ ನನ್ನ ಅಂಗಡಿ ಉಳಿಸಿದುವು.”

ಈಗ ಬೇಕಾಗಿದ್ದುದು ಬಿಸಿಲು. ಶ್ರಾವಣದ ಮಳೆ ಹಿಡಿದು ಕೂತಿತ್ತು. ಪಂಚಮಿಯ ಹಿಂದಿನ ದಿನದವರೆಗೂ ಗನಿಸಾಬರು ಚೌಕಟ್ಟನ್ನು ಕೈಯಲ್ಲಿ ಹಿಡಿದು ಅಂಗಳಕ್ಕೂ ಪಡಸಾಲೆಗೂ ತಿರುಗಿದರು. ಆ ದಿನ ಮಧ್ಯಾಹ್ನ ಮೋಡ ಸರಿದು ಅಂಗಳದಲ್ಲಿ ಬಿಸಿಲು ಬಿತ್ತು. “ಬಂತು ಬಂತು!” ಎಂದು ದಿಲಶಾದ ಕೂಗಿದಳು. ಮೂವರೂ ಚೌಕಟ್ಟಿನ ಸುತ್ತ ಕೂತು, ಕೋಳಿಗಳು ತುಳಿಯದಂತೆ ಕಾದರು. ಕಾಗದದ ಮೇಲೆ ತುಳಜಪ್ಪ ಕಂದು ಬಣ್ಣದಲ್ಲಿ ಮೆಲ್ಲಗೆ ಮೂಡಿದ, ಕಿವಿ ಸಮೇತ. ಪ್ರಿಂಟನ್ನು ನೀರಿಗೆ ಹಾಕುವ ಹೊತ್ತಿಗೆ ಮತ್ತೆ ಹನಿ ಬಿತ್ತು. ಬೀಳಲಿ ಎಂದು ಹಾಜಿರಾಬಿ ನಕ್ಕಳು.

ಸಂಜೆ ಉಸ್ತಾದ ಬಂದ. ಗನಿಸಾಬರು ಪ್ರಿಂಟು ಕೊಟ್ಟರು. ಅವನು ಬಾಗಿಲ ಬೆಳಕಿಗೆ ಹಿಡಿದು ಬಲಗಿವಿ ನೋಡಿದ, ಎಡಗಿವಿ ನೋಡಿದ. ಒಳಗೆ ಹಾಜಿರಾಬಿ ಪರದೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

“ಇದೇನಿದು? ಕೆಳಗ ಒಂಚೂರು ಹರದೈತಲ್ಲ?”

ಗನಿಸಾಬರು ಬಾಯಿ ತೆರೆಯುವಷ್ಟರಲ್ಲಿ ಉಸ್ತಾದನೇ ತೊಡೆ ತಟ್ಟಿದ. “ಆ ಪಂಜಾಬದಾಂವ ಕಡದಾನ್ರೀ! ಚಿತ್ತಾಗೂ ಮುಂದ ಕಿವಿ ಕಡದಾನ! ನಮ್ಮ ಹುಡುಗ ಬಾಯಿ ಬಿಟ್ಟು ಹೇಳಿಲ್ಲ ನೋಡ್ರಿ, ಎಂಥಾ ಮರ್ಯಾದಿ! ಗನಿಸಾಬ್ರ, ನಿಮ್ಮ ಕ್ಯಾಮರಾದಾಗ ಏನೂ ಮುಚ್ಚಿಟ್ಟುಕೊಳ್ಳಾಕ ಬರೂದಿಲ್ಲ ಬಿಡ್ರಿ.”

ಗನಿಸಾಬರು ಬಾಯಿ ಮುಚ್ಚಿಕೊಂಡರು. ಒಳಗೆ ಹಾಜಿರಾಬಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತುಬಿಟ್ಟಳು. ಆ ನಗೆಯಲ್ಲಿ ಕಣ್ಣೀರೂ ಬಂತು.

ಪಂಚಮಿಯ ದಿನ ಫೋಟೋ ಗರಡಿಯ ಗೋಡೆಗೆ ಏರಿತು. ಹರಿದ ಕಿವಿಯ ಕತೆ ಮುಂಡಗೋಡದ ದಾರಿಯಲ್ಲಿ ಓಡಾಡುವ ಗಾಡಿಯವರ ಬಾಯಲ್ಲಿ ಬೆಳೆಯುತ್ತ ಹೋಯಿತು. ಚಹದ ಅಂಗಡಿಯವನೂ ಕರಿಬಸಪ್ಪನೂ ಒಂದೊಂದು ಪ್ರಿಂಟು ಬೇಕೆಂದು ಹಟ ಹಿಡಿದರು. ದೀಪಾವಳಿಗೆ ತುಳಜಪ್ಪ ಊರಿಗೆ ಬಂದಾಗ ಹುಡುಗರು ಸುತ್ತಿಕೊಂಡು ಅವನ ಎಡಗಿವಿಯನ್ನು ಇಣುಕಿ ನೋಡಿದರು. ಅವನು ಫೋಟೋ ನೋಡಿದ, ಕಿವಿ ಮುಟ್ಟಿಕೊಂಡ, ಉಸ್ತಾದನ ಉಬ್ಬಿದ ಮುಖ ನೋಡಿದ.

“ಅದು… ಕೂಡಿಕೊಂತು ಬಿಡ್ರಿ” ಎಂದ.

ಮನೆಗೆ ಹೋದಾಗ ದೇವರ ಪಟದ ಮಗ್ಗುಲಿಗೆ ತನ್ನದೇ ಇನ್ನೊಂದು ಫೋಟೋ ಕಂಡು ಅವನು ಏನು ತಿಳಿದನೋ, ತಾಯಿಯನ್ನು ಕೇಳಲಿಲ್ಲ. ಹೊರಡುವ ಮುನ್ನ ಅಂಗಡಿಯ ಮುಂದೆ ನಿಂತು, “ಚಾಚಾ, ಆ ಕೆಲಸ ಮಾಡಿದವರಿಗೆ ನಮ್ಮ ಅವ್ವ ಶರಣು ಹೇಳ್ಯಾಳ” ಎಂದಷ್ಟೇ ಹೇಳಿ ಹೋದ. ಯಾರು ಮಾಡಿದವರು ಎಂಬುದನ್ನು ಸೋಮಿಬಾಯಿ ತಾನಾಗಿಯೇ ಮಗನಿಗೆ ಹೇಳಿದ್ದಳು. ಮಗ ಮತ್ತೆ ಯಾರಿಗೂ ಹೇಳಲಿಲ್ಲ.

ಬೆಳಗಾವಿಯ ಮಾತು ಮತ್ತೆ ಬರಲಿಲ್ಲ. ಗನಿಸಾಬರು ಚಾಕುವನ್ನು ಮಾತ್ರ ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. “ಪೆನ್ಸಿಲ್ ನಿಂದು, ಚಾಕು ನಂದು” ಎಂದರು. ಅಂದಿನಿಂದ ಅಂಗಡಿಯಲ್ಲಿ ಒಂದು ಹೊಸ ಪದ್ಧತಿ ಬಂತು. ಕೂತವರ ಮುಖ ನೋಡಿ ಗನಿಸಾಬರು ಒಳಗೆ ಕೇಳುವಂತೆ ಗಟ್ಟಿಯಾಗಿ, “ಈ ಕಲಿ ಇರ್ಲೋ, ತಗೀಲೋ?” ಎನ್ನುತ್ತಿದ್ದರು. ಹೆಚ್ಚಿನವರು “ತಗೀರಿ, ತಗೀರಿ” ಎನ್ನುತ್ತಿದ್ದರು. ಒಮ್ಮೊಮ್ಮೆ ಯಾರೋ ಬೇಟೆಗಾರ, “ಇದು ಹಂದಿ ತಿವಿದದ್ದು, ಇರ್ಲಿ” ಎನ್ನುತ್ತಿದ್ದ. ಅವನ ಕಲೆ ಪ್ರಿಂಟಿನಲ್ಲಿ ತುಸು ಹೆಚ್ಚೇ ಎದ್ದು ಕಾಣುತ್ತಿತ್ತಂತೆ.

ಎಷ್ಟೋ ವರ್ಷಗಳ ಮೇಲೆ ದಿಲಶಾದ ತಾಯಿಯನ್ನು ಕೇಳಿದಳು. ಒಳಕೋಣೆಯ ಗೋಡೆಯ ಮೇಲಿನ ಆ ನುಣುಪು ಕೆನ್ನೆಯ ಫೋಟೋದ ಪ್ಲೇಟು ಇನ್ನೂ ಪೆಟ್ಟಿಗೆಯಲ್ಲಿತ್ತು.

“ಅಮ್ಮಾ, ಇದನ್ನೂ ಒರಸಿ ಖರೇ ಮುಖದ್ದು ತಗಿಯೂಣೇನು?”

ಹಾಜಿರಾಬಿ ಪೆನ್ಸಿಲು ಚೂಪು ಮಾಡುತ್ತಿದ್ದಳು. ತಲೆ ಎತ್ತಿ ಗೋಡೆಯ ಕಡೆಗೊಮ್ಮೆ ನೋಡಿದಳು.

“ಖರೇ ಮುಖ ನೀ ದಿನಾ ನೋಡ್ತೀಯಲ್ಲ” ಎಂದಳು. “ಅದು ಹಂಗ ಇರ್ಲಿ.”